ಇಂದಾಪುರದ ನರ್ಸಬಾಯಿ ಮತ್ತು ರೋಮಿನ ಡೇರೆ ಹೊಲಿಯುವವರು

ಪುಣೆಯಿಂದ ಕಲಬುರಗಿ ಕಡೆಗೆ ಬಸ್ಸಿನಲ್ಲಿ ಓಡಾಡಿದ ಕನ್ನಡಿಗರಿಗೆ ಇಂದಾಪುರದ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೋಲಾಪುರ ಹೆದ್ದಾರಿಯಲ್ಲಿ ನೂರಾ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಸಿಗುತ್ತದೆ. ಒಂದು ಕಡೆ ಭೀಮಾ, ಇನ್ನೊಂದು ಕಡೆ ನೀರಾ, ನಡುವೆ ಕಣ್ಣು ಹಾಯಿಸಿದಷ್ಟೂ ಕಬ್ಬು. ಇದೇ ಭೀಮೆಯ ನೀರು ಮುಂದೆ ನಮ್ಮ ಅಫಜಲಪುರ ತಾಲೂಕಿಗೆ ಬರುತ್ತದೆ, ಉಜನಿ ಅಣೆಕಟ್ಟಿನವರು ಬಿಟ್ಟರೆ! ಊರಿನವರನ್ನು ಕೇಳಿದರೆ ಶಿವಾಜಿಯ ಅಜ್ಜ ಮಾಲೋಜಿಯ ಕಥೆ ಹೇಳುತ್ತಾರೆ. ನಮ್ಮ ಕಡೆಯವರು ಇಳಿಯುವುದು ಹೆಚ್ಚಾಗಿ ಚಹಾ ಕುಡಿಯಲಿಕ್ಕೆ, ಇಲ್ಲವೇ ನೀರಾ ನರಸಿಂಗಪುರದ ಕುಲದೇವರಿಗೆ ನಡೆದುಕೊಳ್ಳಲಿಕ್ಕೆ.

ನಾನು ಆ ಊರಲ್ಲಿ ನಾಲ್ಕು ವರ್ಷ ಇದ್ದೆ, 1993ರಿಂದ 1997ರವರೆಗೆ. ಬ್ಯಾಂಕಿನ ವರ್ಗಾವಣೆ. ಹೆಂಡತಿ ಮಕ್ಕಳು ಪುಣೆಯಲ್ಲಿ, ನಾನು ಇಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ. ಪಕ್ಕದ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರು. ಮಿರಜದ ಮಿಶನ್ ಆಸ್ಪತ್ರೆಯಲ್ಲಿ ಕಲಿತವರು, ಅಹಮದನಗರ ಕಡೆಯ ಮರಾಠಿ ಕ್ರೈಸ್ತರು. ಇಡೀ ಓಣಿ ಅವರನ್ನು ನರ್ಸಬಾಯಿ ಅನ್ನುತ್ತಿತ್ತು. ಭಾನುವಾರ ಸಂಜೆ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಸಂಸಾರ ಸೇರುತ್ತಿದ್ದವು. ಹಾರ್ಮೋನಿಯಂ, ತಾಳ, ನಾರಾಯಣ ವಾಮನ ತಿಲಕರ ಭಜನೆಗಳು. ಧಾಟಿ ಮಾತ್ರ ಪಂಢರಪುರದ ದಿಂಡಿಯದ್ದೇ. ಗೋಡೆ ಆಚೆ ಕೂತು ಕೇಳಿದರೆ ವಿಠ್ಠಲನೋ ಯೇಸುವೋ ಅಂತ ತಿಳಿಯಲು ಕಿವಿಗೊಟ್ಟು ಶಬ್ದ ಹಿಡಿಯಬೇಕು.

ನಾನು ಕರ್ನಾಟಕದವನು ಅಂತ ಗೊತ್ತಾದ ದಿನ ಅವರು ಕೇಳಿದ ಮೊದಲ ಮಾತು: "ಹಾಗಾದರೆ ನಮ್ಮ ರಮಾಬಾಯಿ ನಿಮ್ಮ ಕಡೆಯವಳೇ ಅಲ್ಲವೇ ಭಾವೂ?"

ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ಬಾಯಿಗೆ ಬಿದ್ದವರು. ಎಪ್ಪತ್ತರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಹೋದರು. ಉಳಿದ ಅಣ್ಣ ತಂಗಿ ನಡೆದುಕೊಂಡೇ ದೇಶ ತಿರುಗಿ ಕಲಕತ್ತೆ ಮುಟ್ಟಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. ಆಮೇಲೆ ಇದೇ ಪುಣೆ-ಸೋಲಾಪುರ ದಾರಿಯ ಕೇಡಗಾಂವದಲ್ಲಿ ಮುಕ್ತಿ ಮಿಶನ್. ಬರಗಾಲದಲ್ಲಿ ಅನಾಥರಾದ ನೂರಾರು ಹುಡುಗಿಯರು, ವಿಧವೆಯರು ಅಲ್ಲಿ ಬದುಕಿದರು. ಇಳಿವಯಸ್ಸಿನಲ್ಲಿ ಆಕೆ ಗ್ರೀಕ್, ಹೀಬ್ರೂ ಹಿಡಿದು ಕೂತು ಬೈಬಲನ್ನು ಮೂಲದಿಂದಲೇ ಸರಳ ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದವರು ಅಲ್ಲಿಯ ಹೆಂಗಸರೇ. ಪೂರ್ತಿ ಗ್ರಂಥ ಹೊರಬಂದದ್ದು 1924ರಲ್ಲಿ, ಆಕೆ ತೀರಿಕೊಂಡು ಎರಡು ವರ್ಷದ ಮೇಲೆ. ಮಗಳು ಮನೋರಮಾ ನಡೆಸಲೆಂದು 1912ರಲ್ಲಿ ನಮ್ಮ ಗುಲ್ಬರ್ಗಾದಲ್ಲಿ ಒಂದು ಶಾಲೆಯನ್ನೂ ತೆರೆದಿದ್ದರು.

ನರ್ಸಬಾಯಿಯ ಕೈಯಲ್ಲಿದ್ದದ್ದು ರಮಾಬಾಯಿಯ ಆ ಮರಾಠಿ ಬೈಬಲ್. ಅದರಿಂದಲೇ ಅವರು ನನಗೆ ಒಂದು ಜೋಡಿಯ ಕಥೆ ಹೇಳಿದರು. ಯಾಕೆ ಹೇಳಿದರೆಂದರೆ, ಪುಣೆಯಲ್ಲಿ ನಾವು ಕೆಲವು ಮನೆಯವರು 1989ರಿಂದ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕೂತು ವಚನ ಓದುತ್ತೇವೆ ಅಂತ ನಾನು ಹೇಳಿದ್ದೆ. "ನಮ್ಮದೂ ಹಾಗೇ ಶುರುವಾದದ್ದು," ಅಂದರು. "ಅಕ್ವಿಲ, ಪ್ರಿಸ್ಕಿಲ್ಲ ಅಂತ ಗಂಡ ಹೆಂಡತಿ. ಡೇರೆ ಹೊಲಿಯುತ್ತಿದ್ದರು."

ಆ ಜೋಡಿ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಅಕ್ವಿಲ ಕಪ್ಪು ಸಮುದ್ರದ ದಂಡೆಯ ಪೊಂತದವನು, ಯೆಹೂದಿ. ಹೊಟ್ಟೆಪಾಡಿಗೆ ರೋಮಿಗೆ ಬಂದಿದ್ದ. ಕ್ಲಾಡಿಯಸ್ ಚಕ್ರವರ್ತಿ ಗಲಾಟೆ ನೆಪ ಮಾಡಿ ಯೆಹೂದಿಗಳನ್ನು ರೋಮಿನಿಂದ ಹೊರಗೆ ಹಾಕಿದ. ಇಸವಿ 49ರ ಸುಮಾರು ಅನ್ನುತ್ತಾರೆ. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಗ್ರೀಸಿನ ಕೊರಿಂಥಕ್ಕೆ ಬಂದು ಅಂಗಡಿ ಹಾಕಿದರು. ಅದೇ ಊರಿಗೆ ಪೌಲ ಬಂದ. ಅವನದೂ ಅದೇ ಕಸುಬು. ಅವನ ಊರು ತಾರ್ಸ. ಆ ಸೀಮೆಯ ಆಡಿನ ಕೂದಲಿನ ದಪ್ಪ ಬಟ್ಟೆ ರೋಮಿನ ಪೇಟೆಗಳಲ್ಲಿ ಹೆಸರುವಾಸಿ, ನಮ್ಮ ಸೋಲಾಪುರ ಚಾದರ ಇದ್ದ ಹಾಗೆ. ಮೂವರೂ ಒಂದೇ ಕಡೆ ದುಡಿದರು, ಒಂದೇ ಮನೆಯಲ್ಲಿ ಉಂಡರು. ಆಮೇಲೆ ಎಫೆಸಕ್ಕೆ ಹೋದರು. ಕ್ಲಾಡಿಯಸ್ 54ರಲ್ಲಿ ಸತ್ತ ಮೇಲೆ ಗಂಡ ಹೆಂಡತಿ ಮತ್ತೆ ರೋಮಿಗೆ ವಾಪಸ್. ಎಲ್ಲಿ ಹೋದರೂ ಅವರ ಮನೆಯೇ ಸಭೆಯ ಜಾಗ. ಗುಡಿ ಇಲ್ಲ, ಗೋಪುರ ಇಲ್ಲ. ಮೂರು ಸಲ ಮನೆ ಬದಲಿಸಿದ ಬಾಡಿಗೆದಾರರು!

ಸುಮಾರು 57ರಲ್ಲಿ ಪೌಲ ಕೊರಿಂಥದಿಂದ ರೋಮಿನವರಿಗೆ ಒಂದು ಪತ್ರ ಬರೆದ. ದೊಡ್ಡ ದೊಡ್ಡ ಪಂಡಿತರು ಆ ಪತ್ರದ ತತ್ವದ ಮೇಲೆ ಸಾವಿರಾರು ಪುಟ ಬರೆದಿದ್ದಾರೆ. ನನಗೆ ಹಿಡಿಸಿದ್ದು ಕೊನೆಯ ಅಧ್ಯಾಯ. ಅದರಲ್ಲಿ ತತ್ವ ಅಷ್ಟಿಲ್ಲ, ಬರೀ ನಮಸ್ಕಾರ! ಪ್ರಿಸ್ಕಿಲ್ಲ ಅಕ್ವಿಲರಿಗೆ ಹೇಳಿ, ಅವರ ಮನೆಯಲ್ಲಿ ಕೂಡುವವರಿಗೆ ಹೇಳಿ, ಇಂಥವರಿಗೆ ಹೇಳಿ, ಅಂಥವರಿಗೆ ಹೇಳಿ ಅಂತ ಇಪ್ಪತ್ತಕ್ಕೂ ಹೆಚ್ಚು ಹೆಸರು. ರೂಫ ಅನ್ನುವವನ ತಾಯಿಗೂ ಹೇಳಿ, ಆಕೆ ತನಗೂ ತಾಯಿಯಂತೆ ಅನ್ನುತ್ತಾನೆ. ಹೆಸರುಗಳಲ್ಲಿ ಹಲವು ಗುಲಾಮರಿಗೆ ಇಡುತ್ತಿದ್ದ ಹೆಸರುಗಳು. ಪೌಲ ಅಲ್ಲಿಯವರೆಗೆ ರೋಮಿಗೆ ಕಾಲಿಟ್ಟವನೇ ಅಲ್ಲ. ಹಾಗಾದರೆ ಇಷ್ಟು ಜನ ಅವನಿಗೆ ಹೇಗೆ ಗೊತ್ತು? ಬೇರೆ ಬೇರೆ ಊರಲ್ಲಿ ಸಿಕ್ಕವರು, ಕೂಲಿಗೋ ವ್ಯಾಪಾರಕ್ಕೋ ರೋಮು ಸೇರಿದವರು. ಒಟ್ಟಿನಲ್ಲಿ ಎಲ್ಲರೂ ನಮ್ಮಂಥವರೇ, ಹೊರಗಿನವರು.

ಇನ್ನೂ ಒಂದು ಇದೆ. ಪೌಲ ಹೇಳುತ್ತಿದ್ದ, ಬರೆಯುತ್ತಿದ್ದವನು ತೆರ್ತಿಯ ಎಂಬ ಲಿಪಿಕಾರ. ನಮಸ್ಕಾರಗಳೆಲ್ಲ ಮುಗಿಯುವ ಹೊತ್ತಿಗೆ ಈ ತೆರ್ತಿಯ ತನ್ನದೂ ಒಂದು ನಮಸ್ಕಾರ ಸೇರಿಸಿಬಿಟ್ಟಿದ್ದಾನೆ! ನಮ್ಮ ಅವ್ವನಿಗೆ ಓದು ಬರಹ ಇರಲಿಲ್ಲ. ಶಾಲೆಯ ಮಾಸ್ತರರು ಇನ್‌ಲ್ಯಾಂಡ್ ಪತ್ರ ಬರೆದುಕೊಡುತ್ತಿದ್ದರು. ಅವ್ವ ಹೇಳಿದ್ದೆಲ್ಲ ಮುಗಿದ ಮೇಲೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ‘ಬರೆದುಕೊಟ್ಟವರ ಶರಣಾರ್ಥಿ’ ಅಂತ ಇರುತ್ತಿತ್ತು. ಎರಡು ಸಾವಿರ ವರ್ಷದ ಹಿಂದಿನ ಧರ್ಮಗ್ರಂಥದಲ್ಲಿ ಅದೇ ಅಂಚಿನ ಸಾಲು ಸಿಕ್ಕಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈ ಪತ್ರ ಯಾವ ಭಾಷೆಯಲ್ಲಿತ್ತು? ಗ್ರೀಕಿನಲ್ಲಿ. ಯೇಸು ಆಡಿದ್ದು ಅರಮಾಯಿಕ್. ಗಲಿಲಾಯದ ಹಳ್ಳಿಗಳ, ಮೀನುಗಾರರ ಮಾತು. ಪೊಂತ್ಯ ಪಿಲಾತನ ಕಾಲದಲ್ಲಿ, ಅಂದರೆ 26ರಿಂದ 36ರ ನಡುವೆ ಅವನನ್ನು ಶಿಲುಬೆಗೆ ಏರಿಸಿದರು. ಇನ್ನೊಂದು ಮೂವತ್ತು ವರ್ಷದೊಳಗೆ ಅವನ ಮಾತು ರೋಮಿನ ಗಲ್ಲಿಗಳಲ್ಲಿತ್ತು, ಆದರೆ ಅವನ ಭಾಷೆಯಲ್ಲಿ ಅಲ್ಲ. ಸುವಾರ್ತೆಗಳೂ ಗ್ರೀಕಿನಲ್ಲೇ ನಮ್ಮ ಕೈಸೇರಿವೆ. ಗ್ರೀಕಿನ ನಡುವೆ ಕಲ್ಲಿನ ಹರಳಿನ ಹಾಗೆ ಕೆಲವೇ ಅರಮಾಯಿಕ್ ಶಬ್ದ ಉಳಿದಿವೆ. ಎಫ್ಫಾಥಾ. ಮಾರನಾಥಾ. ಮತ್ತೆ ಅಬ್ಬಾ, ಅಂದರೆ ಅಪ್ಪಾ. ರೋಮಿನವರಿಗೆ ಬರೆದ ಪತ್ರದಲ್ಲೂ ಈ ಅಬ್ಬಾ ಇದೆ. ಅರಮಾಯಿಕ್ ಬಾರದ ಜನ ಪ್ರಾರ್ಥನೆಗೆ ಕೂತಾಗ ಆ ಒಂದು ಶಬ್ದವನ್ನು ಹಾಗೇ ಇಟ್ಟುಕೊಂಡಿದ್ದರು. ನನ್ನ ಮೊಮ್ಮಗಳು ಮರಾಠಿ ಇಂಗ್ಲಿಷ್ ಕಲಸಿ ಮಾತಾಡುತ್ತಾಳೆ, ಆದರೆ ನನ್ನನ್ನು ಕರೆಯುವುದು ‘ಅಜ್ಜಾ’ ಅಂತಲೇ. ಮರಾಠಿಯವರ ‘ಆಜೋಬಾ’ ಅವಳ ಬಾಯಲ್ಲಿ ಬರುವುದಿಲ್ಲ.

ಭಾಷೆ ಬದಲಾದದ್ದು ಜಗಳ ಇಲ್ಲದೆ ಅಲ್ಲ. ಯೆಹೂದಿ ಅಲ್ಲದವರು ಸೇರತೊಡಗಿದಾಗ ಅವರಿಗೆ ಸುನ್ನತಿ ಬೇಕೋ ಬೇಡವೋ, ಊಟದ ಮಡಿ ಬೇಕೋ ಬೇಡವೋ ಅಂತ ದೊಡ್ಡ ವಾದ ಎದ್ದಿತು. ಯೆರೂಸಲೇಮಿನಲ್ಲಿ ಯೇಸುವಿನ ತಮ್ಮ ಯಾಕೋಬನ ಮುಂದೆ ಕೂಟ ಸೇರಿತು, 49ರ ಆಸುಪಾಸು. ಸುನ್ನತಿ ಬೇಡ ಅಂತ ಆಯಿತು. ಅಂತಿಯೋಕ್ಯದಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುವ ವಿಷಯಕ್ಕೆ ಪೌಲ ಪೇತ್ರನನ್ನೇ ಎಲ್ಲರೆದುರು ತರಾಟೆಗೆ ತೆಗೆದುಕೊಂಡ. ಹಳೆಯ ಕಟ್ಟಳೆ ಬಿಡಲೊಲ್ಲದವರನ್ನು ಜಡರು ಅಂತ ನಾನು ಅನ್ನುವುದಿಲ್ಲ. ಅವರಿಗೆ ಅದು ಅಪ್ಪ ಅಮ್ಮನಿಂದ ಬಂದದ್ದು. ಯಾಕೋಬನನ್ನು 62ರಲ್ಲಿ ಕೊಂದರು. 70ರಲ್ಲಿ ರೋಮಿನ ಸೈನ್ಯ ಯೆರೂಸಲೇಮಿನ ದೇವಾಲಯ ಸುಟ್ಟಿತು. ತವರಿನ ಆ ಬಳಗ ಕ್ರಮೇಣ ಕರಗಿತು. ವಲಸೆ ಹೋದವರ, ಪರಭಾಷೆ ಹಿಡಿದವರ ಕವಲು ಬೆಳೆಯಿತು.

ಸೇರಿದವರು ಯಾರು ಅನ್ನುವುದಕ್ಕೆ ವಿರೋಧಿಗಳ ಸಾಕ್ಷಿಯೇ ಚೆನ್ನ. ಸುಮಾರು 178ರಲ್ಲಿ ಕೆಲ್ಸಸ್ ಅನ್ನುವ ಪಂಡಿತ ಇವರನ್ನು ಹೀಯಾಳಿಸಿ ಒಂದು ಪುಸ್ತಕವನ್ನೇ ಬರೆದ. ಇವರ ಗುರುಗಳೆಂದರೆ ಉಣ್ಣೆ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು. ಇವರ ಮಾತು ಕೇಳುವುದು ಹೆಂಗಸರು, ಮಕ್ಕಳು, ಗುಲಾಮರು ಅಂತ ಅವನ ತಕರಾರು. ಅದನ್ನು ಓದಿ ನನಗೆ ನಗು ಬಂತು. ಹರಳಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ... ಕಲ್ಯಾಣದ ಹಿರಿಯರು ಅನುಭವ ಮಂಟಪದ ಬಗ್ಗೆ ಇದಕ್ಕಿಂತ ಬೇರೆ ಏನು ಆಡಿಕೊಂಡಿರಬಹುದು? ನರ್ಸಬಾಯಿಯ ಅಜ್ಜನ ಕಾಲಕ್ಕೆ ಅವರ ಮನೆತನದವರಿಗೆ ಊರ ಬಾವಿಯ ನೀರು ಸೇದುವಂತಿರಲಿಲ್ಲ. "ನನ್ನ ಅಜ್ಜ ಸ್ವರ್ಗಕ್ಕಾಗಿ ಹೋಗಲಿಲ್ಲ ಭಾವೂ, ಪಂಕ್ತಿಗಾಗಿ ಹೋದ," ಅಂದಿದ್ದರು ಒಮ್ಮೆ.

ಸರಕಾರ ಏನು ಮಾಡುತ್ತಿತ್ತು? ಇದಕ್ಕೆ ಒಳ್ಳೆಯ ದಾಖಲೆ ಪ್ಲಿನಿ ಎಂಬ ಅಧಿಕಾರಿಯ ಪತ್ರಗಳು. ಅಕ್ವಿಲನ ತವರು ಪೊಂತ ಇದೆಯಲ್ಲ, ಅದಕ್ಕೂ ಪಕ್ಕದ ಬಿಥೂನ್ಯಕ್ಕೂ ಇವನು ರಾಜ್ಯಪಾಲ, 112ರ ಸುಮಾರಿಗೆ. ಸಣ್ಣದಕ್ಕೂ ದೊಡ್ಡದಕ್ಕೂ ಟ್ರಾಜನ್ ಚಕ್ರವರ್ತಿಗೆ ಕಾಗದ ಬರೆದು ಕೇಳುವ ಸ್ವಭಾವ. ನಮ್ಮ ಹೆಡ್ಡಾಫೀಸಿಗೆ ಬರೆಯುವ ಮ್ಯಾನೇಜರರ ನೆನಪಾಗುತ್ತದೆ! ನಿಕೊಮೀಡಿಯದಲ್ಲಿ ಬೆಂಕಿ ಬಿದ್ದು ಊರು ಸುಟ್ಟಾಗ, 150 ಜನರ ಅಗ್ನಿಶಾಮಕ ದಳ ಮಾಡಲೇ ಅಂತ ಕೇಳಿದ. ಬೇಡ, ಯಾವ ಹೆಸರಲ್ಲಿ ಸಂಘ ಕಟ್ಟಿದರೂ ಕೊನೆಗೆ ಅದು ರಾಜಕೀಯಕ್ಕೇ ಇಳಿಯುತ್ತದೆ ಅಂತ ಉತ್ತರ ಬಂತು. ಬೆಂಕಿ ಆರಿಸುವವರ ಗತಿ ಇದಾದರೆ ಬೆಳಕು ಹರಿಯುವ ಮೊದಲೇ ಕೂಡಿ ಹಾಡುವವರ ಗತಿ ಏನು? ಪ್ಲಿನಿ ವಿಚಾರಣೆ ಮಾಡಿದ. ಗೊತ್ತುಮಾಡಿದ ದಿನ ಸೇರುತ್ತೇವೆ, ಕ್ರಿಸ್ತನಿಗೆ ಹಾಡುತ್ತೇವೆ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಇಟ್ಟುಕೊಳ್ಳಲು ಕೊಟ್ಟ ಹಣ ಇಲ್ಲ ಅನ್ನುವುದಿಲ್ಲ ಅಂತ ಆಣೆ ಮಾಡುತ್ತೇವೆ ಎಂದರು. (ಠೇವಣಿಯ ಆ ಮಾತು ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿತು.) ನಂಬದೆ ಇಬ್ಬರು ಗುಲಾಮ ಹೆಂಗಸರಿಗೆ ಚಿತ್ರಹಿಂಸೆ ಕೊಡಿಸಿದ. ಅವರು ಆ ಬಳಗದ ಸೇವಕಿಯರು. ಅವರ ಹೆಸರನ್ನು ಅವನು ಬರೆದಿಲ್ಲ. ಸಿಕ್ಕದ್ದು ಏನೂ ಇಲ್ಲ, ಅತಿರೇಕದ ಮೂಢನಂಬಿಕೆ ಅಷ್ಟೇ ಅಂತ ಷರಾ. ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ಸ್ವೀಕರಿಸಬೇಡ, ಆದರೆ ತಂದು ನಿಲ್ಲಿಸಿದರೆ, ಬಿಡದಿದ್ದರೆ ಶಿಕ್ಷೆ ಕೊಡು ಅಂತ ಟ್ರಾಜನ್ ತಿಳಿಸಿದ.

ಎಷ್ಟು ವೇಗದಲ್ಲಿ ಬೆಳೆಯಿತು ಅನ್ನುವುದಕ್ಕೆ ರಾಡ್ನಿ ಸ್ಟಾರ್ಕ್ ಎಂಬ ಸಮಾಜಶಾಸ್ತ್ರಜ್ಞ 1996ರಲ್ಲಿ ಒಂದು ಅಂದಾಜು ಕೊಟ್ಟ. 40ನೇ ಇಸವಿಯಲ್ಲಿ ಸಾವಿರ ಜನ ಅಂತ ಹಿಡಿಯಿರಿ, ಹತ್ತು ವರ್ಷಕ್ಕೆ ನೂರಕ್ಕೆ ನಲವತ್ತರಂತೆ ಏರಿದರೆ ಸಾಕು, 300ರ ಹೊತ್ತಿಗೆ 63 ಲಕ್ಷ ಆಗುತ್ತದೆ. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿದೆ. ವರ್ಷಕ್ಕೆ ಸುಮಾರು 3.4 ಚಕ್ರಬಡ್ಡಿ. 2003ರಿಂದ 2011ರ ತನಕ ನಮ್ಮ ಉಳಿತಾಯ ಖಾತೆಗೆ ಕೊಡುತ್ತಿದ್ದ ಬಡ್ಡಿ ಮೂರೂವರೆ! ಪವಾಡ ಬೇಕಾಗಿಲ್ಲ. ನೂರು ಜನರ ಬಳಗಕ್ಕೆ ವರ್ಷಕ್ಕೆ ಮೂರೋ ನಾಲ್ಕೋ ಜನ, ಅಕ್ಕಪಕ್ಕದವರು, ಸೊಸೆಯಂದಿರು, ಜತೆಗೆ ದುಡಿಯುವವರು. ಎರಡೂವರೆ ನೂರು ವರ್ಷ ಖಾತೆ ಮುಚ್ಚಬಾರದು, ಅಷ್ಟೇ.

ಮುಚ್ಚಿಸುವ ಪ್ರಯತ್ನಗಳೇನೋ ನಡೆದವು. 64ರಲ್ಲಿ ರೋಮು ಸುಟ್ಟಾಗ ನೀರೋ ಇವರ ತಲೆಗೆ ಕಟ್ಟಿದ. 250ರಲ್ಲಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟು ಪಡೆಯಬೇಕೆಂದ. ಅಂಥ ನಲವತ್ತಕ್ಕೂ ಹೆಚ್ಚು ಸರ್ಟಿಫಿಕೇಟು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಅದೇ ಕಾಲದಲ್ಲಿ ದೊಡ್ಡ ಸಾಂಕ್ರಾಮಿಕವೂ ಬಂತು. ರೋಗಿಗಳನ್ನು ಬೀದಿಗೆ ಹಾಕಿ ಓಡಿದವರ ನಡುವೆ ನಮ್ಮವರು ನಿಂತು ಶುಶ್ರೂಷೆ ಮಾಡಿ ಸತ್ತರು ಅಂತ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನಿಸಿಯಸ್ ಬರೆದಿದ್ದಾನೆ. ತಮ್ಮವರ ಬಗ್ಗೆ ತಾವೇ ಹೇಳಿದ ಮಾತು, ಸ್ವಲ್ಪ ಕಳೆದು ಓದಿಕೊಳ್ಳಿ. ಆದರೆ ನಾನು ಪೂರ್ತಿ ಕಳೆಯಲಾರೆ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ಸುದ್ದಿ ಬಂದ ಸಂಜೆಯೇ ಅರವತ್ತು ದಾಟಿದ ನರ್ಸಬಾಯಿ ಒಂದು ಚೀಲದಲ್ಲಿ ಬ್ಯಾಂಡೇಜು ತುಂಬಿಕೊಂಡು ಸಿಕ್ಕ ಲಾರಿ ಹತ್ತಿ ಹೋದರು. ವಾಪಸ್ ಬಂದದ್ದು ಹದಿನೆಂಟು ದಿನದ ಮೇಲೆ. ಅಲ್ಲಿಯ ಕಥೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾನ್‌ಸ್ಟಂಟೈನ್, 313ರ ಆಜ್ಞೆ, 380ರಲ್ಲಿ ರಾಜಧರ್ಮವಾದದ್ದು ನಿಮಗೆ ಗೊತ್ತೇ ಇದೆ. ಅಧಿಕಾರ ಸಿಕ್ಕ ಮೇಲಿನ ಕಥೆ ಎಲ್ಲ ಕಡೆ ಒಂದೇ ತೆರನಾಗಿರುತ್ತದೆ. ನನಗೆ ಅದರಲ್ಲಿ ರುಚಿ ಕಡಿಮೆ.

ಅಂದ ಹಾಗೆ, ಇದೆಲ್ಲ ನಮಗೆ ಬಹಳ ದೂರದ್ದು ಅಂದುಕೊಳ್ಳಬೇಡಿ. ತೆರಿಗೆ ಕೊಡಬೇಕೇ ಅಂತ ಕೇಳಿದವರ ಕೈಯಿಂದ ಯೇಸು ಒಂದು ನಾಣ್ಯ ತರಿಸಿ ಯಾರ ಮುಖ ಇದೆ ನೋಡಿ ಅಂದನಲ್ಲ, ಅದು ತಿಬೇರಿಯಸನ ಬೆಳ್ಳಿಯ ದಿನಾರಿಯಸ್ ಇರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದೇ ತಿಬೇರಿಯಸನ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿವೆ. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ಗುಡ್ಡೆಯಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನುವ ಇಬ್ಬರು ಅಗೆದರು. 1897ರಲ್ಲಿ ಯೇಸುವಿನ ಮಾತುಗಳಿದ್ದ ಒಂದು ಹಾಳೆ ಪ್ರಕಟವಾಯಿತು. 1903ರಲ್ಲಿ ಅಲ್ಲಿಯದೇ ಒಂದು ಗ್ರೀಕ್ ಪ್ರಹಸನ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕಥೆ. ಅದರಲ್ಲಿ ಸ್ಥಳೀಯರು ಆಡುವ ಅರ್ಥವಾಗದ ಮಾತು ಕನ್ನಡ ಅಂತ 1904ರಲ್ಲಿ ಹುಲ್ಶ್ ಹೇಳಿದರು. ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ಒಪ್ಪದವರೂ ಇದ್ದಾರೆ, ತುಳು ಅನ್ನುವವರೂ ಇದ್ದಾರೆ. ಏನೇ ಇರಲಿ, ಒಂದೇ ಊರಿನ ಕಸದಲ್ಲಿ ಯೇಸುವಿನ ಮಾತೂ ನಮ್ಮ ಕಡಲ ದಂಡೆಯ ಮಾತೂ ಗ್ರೀಕ್ ಅಕ್ಷರದ ಅಂಗಿ ತೊಟ್ಟು ಮಲಗಿದ್ದವು.

ಈಗ ನನ್ನ ತಲೆನೋವಿಗೆ ಬರುತ್ತೇನೆ. ನಮ್ಮ ಪುಣೆಯ ವಚನ ಕೂಟಕ್ಕೆ ಮೂವತ್ತು ವರ್ಷ ದಾಟಿದೆ. ಹದಿನಾಲ್ಕು ಮನೆ ಇದ್ದದ್ದು ಒಂಬತ್ತಾಗಿದೆ. ಹೋದ ತಿಂಗಳು ನಮ್ಮ ಮಕ್ಕಳೇ, ಅಂದರೆ ನಲವತ್ತು ದಾಟಿದ ಮಕ್ಕಳು, ಎದ್ದು ಹೇಳಿದರು: ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬಾರದು, ಅರ್ಥವೂ ಹತ್ತುವುದಿಲ್ಲ, ಮರಾಠಿಯಲ್ಲಿ ಓದೋಣ. ಮರಾಠಿಯಲ್ಲಿ ಲಿಂಗಾಯತರಿಗೆ ಪರಂಪರೆ ಇಲ್ಲ ಅಂತೇನೂ ಇಲ್ಲ. ಮನ್ಮಥ ಸ್ವಾಮಿಗಳ ‘ಪರಮರಹಸ್ಯ’ ಶತಮಾನಗಳಿಂದ ಮರಾಠವಾಡಾದ ಮನೆಮನೆಯಲ್ಲಿ ಪಾರಾಯಣ ಆಗುತ್ತಿದೆ. ಲಾತೂರು ಬೀಡದ ಎಷ್ಟೋ ಮನೆಗಳಲ್ಲಿ ಕನ್ನಡ ಹೋಗಿ ತಲೆಮಾರುಗಳಾದವು, ಇಷ್ಟಲಿಂಗ ಕೊರಳಲ್ಲೇ ಇದೆ.

ಕೂಟ ಶುರುವಾದಾಗಿಂದ ಒಂದು ತಿಂಗಳೂ ತಪ್ಪಿಸದ ನನ್ನ ಗೆಳೆಯರೊಬ್ಬರು ಎದ್ದು ನಿಂತರು. "ಭಾಷಾ ಹೋದ್ಮ್ಯಾಲ ಅದು ವಚನ ಹ್ಯಾಂಗಾಗ್ತದ್ರಿ? ಹಿಂಗ ಮಾಡೂದಿದ್ರ ನಾ ಬರಂಗಿಲ್ಲ." ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಚಹಾ ಹಾಗೇ ಆರಿತು. ರಿಜಿಸ್ಟರ್ ಇಡುವವನು ನಾನು, ಹಾಗಾಗಿ ಎಲ್ಲರೂ ನನ್ನ ಮುಖ ನೋಡಿದರು.

ಪೌಲನ ಪಕ್ಷ ಹಿಡಿ ಅಂತ ಬುದ್ಧಿ ಹೇಳುತ್ತದೆ. ಯಾಕೋಬನ ಸಂಕಟ ಹೊಟ್ಟೆಗೆ ತಿಳಿಯುತ್ತದೆ. ಇನ್ನು ಅರಮಾಯಿಕ್ ಪೂರ್ತಿ ಸತ್ತಿತೇ ಅಂದರೆ ಅದೂ ಇಲ್ಲ. ಎಡೆಸ್ಸಾ ಊರಿನವರು ಅದೇ ಮಾತಿನ ಒಂದು ರೂಪವನ್ನು, ಸಿರಿಯಾಕ್ ಅನ್ನುತ್ತಾರೆ, ಬಿಡದೆ ಹಿಡಿದರು. ಅದು ಪರ್ಷಿಯಾ ದಾಟಿ ಹಡಗು ಹತ್ತಿ ಮಲಬಾರಿಗೆ ಬಂತು. ಕೇರಳದ ಸಿರೋ-ಮಲಬಾರ್ ಚರ್ಚುಗಳಲ್ಲಿ 1962ರವರೆಗೂ ಪೂಜೆ ಸಿರಿಯಾಕಿನಲ್ಲೇ ನಡೆಯುತ್ತಿತ್ತು. ಈಗ ಮಲಯಾಳಂ ಬಂದಿದೆ, ಆದರೆ ‘ಕುರ್ಬಾನ’ ಅನ್ನುವ ಶಬ್ದ ಹಾಗೇ ನಿಂತಿದೆ. ಬಿಟ್ಟವರೂ ಮುಟ್ಟಿದರು, ಹಿಡಿದವರೂ ಮುಟ್ಟಿದರು. ಇದರಿಂದ ರಿಜಿಸ್ಟರ್ ಬರೆಯುವವನಿಗೆ ಏನು ದಾರಿ ಸಿಕ್ಕಂತಾಯಿತು, ನೀವೇ ಹೇಳಿ!

ಸದ್ಯಕ್ಕೆ ನಾನು ಮಾಡಿದ್ದು ಇಷ್ಟು. ಬರುವ ತಿಂಗಳಿಗೆ ಐದು ವಚನ ಆರಿಸಿದ್ದೇನೆ. ಮಾತು ಕನ್ನಡ, ಲಿಪಿ ದೇವನಾಗರಿ, ಕೆಳಗೆ ಎರಡು ಸಾಲು ಮರಾಠಿ ಅರ್ಥ. ಪ್ರತಿ ಮಾಡಿಕೊಟ್ಟವಳು ಮೊಮ್ಮಗಳು. ‘ಅಯ್ಯಾ’ ಬಂದಲ್ಲೆಲ್ಲ ಪೆನ್ನು ನಿಲ್ಲಿಸಿ ಇದಕ್ಕೆ ಮರಾಠಿಯಲ್ಲಿ ಏನು ಬರೆಯಲಿ ಅಂತ ಕೇಳಿದಳು. ಅದನ್ನು ಹಾಗೇ ಬಿಡು ಅಂದೆ. ಗೆಳೆಯರಿಗೆ ಒಂದು ಪ್ರತಿ ಕಳಿಸಿದ್ದೇನೆ, ಅವರದು ಕನ್ನಡ ಅಕ್ಷರದಲ್ಲಿ, ನನ್ನ ಕೈಬರಹ. ಲಕೋಟೆ ಅಂಟಿಸುವ ಮೊದಲು ಹುಡುಗಿ ಕಸಿದುಕೊಂಡು ಕೆಳಗೆ ದೇವನಾಗರಿಯಲ್ಲಿ ‘ಅಜ್ಜಾ, ಬರ್ರಿ’ ಅಂತ ತನ್ನದೊಂದು ಸಾಲು ಗೀಚಿದಳು.

ಇವತ್ತಿಗೆ ಹನ್ನೊಂದು ದಿನ. ಫೋನು ಬಂದಿಲ್ಲ.